ಲೀಟರಿಗೆ ಇಪ್ಪತ್ತಾರು

ಬದರಿನಾಥ ಹೈಬ್ರಿಡ್ ಕಾರು ತೆಗೆದುಕೊಂಡದ್ದು ಹೆಂಡತಿಗಾಗಿ. ಹಾಗಂತ ಅವನೇ ಎಲ್ಲರಿಗೂ ಹೇಳಿದ್ದ. ಚೂಡಾಮಣಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಬನಶಂಕರಿ ಎರಡನೇ ಹಂತದ ಅವರ ಬೀದಿಗೆ ಬರುವ ಆಟೋದವರು ಜಯನಗರ ಅಂದರೆ ಹತ್ತಿರ ಎಂದು ಮೂಗು ಮುರಿಯುತ್ತಿದ್ದರು, ಹೊಸಕೆರೆಹಳ್ಳಿ ಅಂದರೆ ವಾಪಸು ಬಾಡಿಗೆ ಸಿಗುವುದಿಲ್ಲ ಎನ್ನುತ್ತಿದ್ದರು. "ಇನ್ಮೇಲೆ ಯಾರ ಹತ್ರಾನೂ ಹಲ್ಲು ಗಿಂಜೋ ಹಾಗಿಲ್ಲ. ನೀನು ಎಲ್ಲಿಗೆ ಅಂದ್ರೆ ಅಲ್ಲಿಗೆ," ಎಂದು ಶೋರೂಮಿನಲ್ಲೇ, ಕೀ ಕೈಗೆ ಬಂದ ಕೂಡಲೇ, ಅವಳಿಗೆ ಹೇಳಿದ್ದ. ಅವಳು ಕಾರಿನ ಮುಂದೆ ನಿಂಬೆಹಣ್ಣು ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಬನಶಂಕರಿ ಅಮ್ಮನ ಗುಡಿಗೆ ಒಂದು ಸುತ್ತು ಹೋಗಿ ಬರೋಣ ಎಂದಳು. ಹೋಗಿ ಬಂದರು. ಆ ಮೊದಲ ತಿಂಗಳು ಇಬ್ಬರಿಗೂ ಖುಷಿಯೋ ಖುಷಿ.

ತಿಂಗಳ ಕೊನೆಗೆ ಬದರಿನಾಥ ಮೈಲೇಜು ನೋಡಿದ. ಲೀಟರಿಗೆ ಹದಿನೈದು.

ಅವನು ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಕಂಟ್ರೋಲ್ ವಿಭಾಗದಲ್ಲಿದ್ದವನು. ಕೈಗೆ ಬಂದ ಬಿಡಿಭಾಗ ನಕ್ಷೆಯಲ್ಲಿ ಹೇಳಿದ ಅಳತೆಗೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಪಕ್ಕಕ್ಕಿಡುವುದು ಅವನ ಕೆಲಸವಾಗಿತ್ತು. ಕಾಗದದಲ್ಲಿ ಇಪ್ಪತ್ತೇಳು ಎಂದಿದ್ದ ಕಾರು ರಸ್ತೆಯಲ್ಲಿ ಹದಿನೈದು ಕೊಟ್ಟರೆ ಅವನಿಗೆ ಊಟ ರುಚಿಸುವುದು ಹೇಗೆ? ಪೆಟ್ರೋಲಿನ ಖರ್ಚು ಅವನನ್ನು ಅಷ್ಟಾಗಿ ಕಾಡಲಿಲ್ಲ, ಪೆನ್ಷನ್ನು ಸಾಕಷ್ಟಿತ್ತು. ಕಾಡಿದ್ದು ಆ ಸಂಖ್ಯೆ. ಎಲ್ಲೋ ಏನೋ ತಪ್ಪಿದೆ, ಒಂದೋ ಗಾಡಿಯದು ಇಲ್ಲವೇ ತನ್ನದು ಎಂದು ಅವನಿಗೆ ಅನಿಸಿತು.

ಅದೇ ಮಾಡಲ್ಲಿನ ಕಾರಿಟ್ಟುಕೊಂಡವರದೊಂದು ವಾಟ್ಸಾಪ್ ಗುಂಪು ಇತ್ತು. ನಡೆಸುತ್ತಿದ್ದವನು ಬಿ.ಟಿ.ಎಂ. ಲೇಔಟಿನ ಮಯೂರ್ ಎಂಬ ಹುಡುಗ, ಮೂವತ್ತರ ಆಸುಪಾಸು, ಮಾತು ಪಟಪಟ. ಬದರಿನಾಥ ತನ್ನ ಹದಿನೈದನ್ನು ಅಲ್ಲಿ ಹಾಕಿದ ಅರ್ಧ ಗಂಟೆಯೊಳಗೆ ಮಯೂರ್ ಫೋನು ಮಾಡಿದ.

"ಸಾರ್, ಗಾಡೀದೇನೂ ತಪ್ಪಿಲ್ಲ. ನೀವು ದಿನಾ ಎಷ್ಟು ದೂರ ಓಡಿಸ್ತೀರಾ?"

"ಜಯನಗರ ಫೋರ್ತ್ ಬ್ಲಾಕು, ಗಾಂಧಿ ಬಜಾರು... ಮನೆಯವರನ್ನ ಬಿಡೋದು, ಕರ್ಕೊಂಡ್ ಬರೋದು."

"ಅದೇ ನೋಡಿ ಸಾರ್. ಎಂಜಿನ್ ಬಿಸಿ ಆಗೋಷ್ಟರಲ್ಲಿ ನೀವು ಮನೆ ತಲುಪಿರ್ತೀರಾ. ತಣ್ಣಗಿರೋ ಎಂಜಿನ್ನು ಮೊದಲ ಎರಡು ಮೂರು ಕಿಲೋಮೀಟರು ಸುಮ್ನೆ ಪೆಟ್ರೋಲ್ ಕುಡಿಯುತ್ತೆ. ಒಂದ್ಸಲ ಬಿಸಿಯಾದ್ಮೇಲೆ ಟ್ರಾಫಿಕ್ಕಲ್ಲಿ ಬಿಡಿ, ಮಜಾ ನೋಡಿ. ಬೇರೆ ಕಾರಿಗೆ ಟ್ರಾಫಿಕ್ಕು ಶಾಪ, ನಮ್ಮದಕ್ಕೆ ವರ. ಬ್ರೇಕ್ ಹಿಡಿದಾಗೆಲ್ಲ ಬ್ಯಾಟರಿ ತುಂಬ್ತಾ ಇರುತ್ತೆ, ತೆವಳುವಾಗ ಆ ಬ್ಯಾಟರೀಲೇ ಹೋಗುತ್ತೆ. ಆಮೇಲೆ ಎ.ಸಿ. ಸ್ವಲ್ಪ ಕಡಿಮೆ ಇಡಿ."

ಬದರಿನಾಥ ಮಾರನೆಯ ದಿನವೇ ಪರೀಕ್ಷೆ ಮಾಡಿದ. ಸಂಜೆ ಎಲ್ಲರೂ ಆಫೀಸಿನಿಂದ ಮನೆಗೆ ಹೋಗುವ ಹೊತ್ತಿಗೆ ಸರಿಯಾಗಿ ಒಬ್ಬನೇ ಹೊರಟು, ಜೆ.ಪಿ. ನಗರ ಹಾದು ಬಿ.ಟಿ.ಎಂ. ತನಕ ಬಸ್ಸುಗಳ ಹಿಂದೆ ತೆವಳಿಕೊಂಡು ಹೋಗಿ, ಅಲ್ಲಿ ಏನೂ ಕೆಲಸವಿಲ್ಲದ್ದರಿಂದ ಹಾಗೆಯೇ ತಿರುಗಿ ಬಂದ. ಹಿಂದಿನವರು ಹಾರ್ನ್ ಒತ್ತಿದರೂ ಪೆಡಲನ್ನು ಕೂಸಿನ ಬೆನ್ನು ತಟ್ಟುವ ಹಾಗೆ ಮೆಲ್ಲಗೆ ಒತ್ತಿದ. ಸಿಗ್ನಲ್ಲು ದೂರದಲ್ಲಿ ಕೆಂಪಾದದ್ದು ಕಂಡ ಕೂಡಲೇ ಕಾಲು ತೆಗೆದ. ಬ್ಯಾಟರಿಯಲ್ಲಿ ಓಡುವಾಗ ಹತ್ತುವ ಹಸಿರು ದೀಪ ಹತ್ತಿದ್ದು ಹತ್ತಿದಂತೆಯೇ ಇತ್ತು. ಮನೆಯ ಗೇಟಿನ ಮುಂದೆ ನಿಲ್ಲಿಸಿದಾಗ ಕಾರಿನ ಪರದೆಯ ಮೇಲೆ ಇಪ್ಪತ್ತನಾಲ್ಕು ಚಿಲ್ಲರೆ ಬಂತು. ಆವತ್ತು ಅವನು ಎರಡು ಸಲ ಹುಳಿ ಹಾಕಿಸಿಕೊಂಡು ಉಂಡ.

ಅಲ್ಲಿಂದ ಮುಂದೆ ಮನೆಯಲ್ಲಿ ಒಂದು ನಿಯಮ ತಾನೇ ತಾನಾಗಿ ಬಂತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಚೂಡಾಮಣಿ ಫೋರ್ತ್ ಬ್ಲಾಕಿಗೆ ಹೋಗಬೇಕು ಎಂದರೆ ಬದರಿನಾಥ, "ಅಷ್ಟು ಹತ್ರಕ್ಕೆ ಗಾಡಿ ತೆಗೀಬೇಕಾ? ಎರಡು ಮೂರು ಕೆಲಸ ಸೇರಲಿ, ಒಟ್ಟಿಗೆ ಹೋಗೋಣ," ಎನ್ನುತ್ತಿದ್ದ. ಎರಡು ಮೂರು ಕೆಲಸ ಸೇರುವಷ್ಟರಲ್ಲಿ ಹೂವು, ಹಣ್ಣು, ಸೊಪ್ಪಿನ ದಿನ ದಾಟಿರುತ್ತಿತ್ತು. ಅವಳು ಕೆಲವು ದಿನ ಕೇಳಿದಳು, ಕೆಲವು ದಿನ ಜಗಳವಾಡಿದಳು. "ದಿನಾ ಸಾಯಂಕಾಲ ಒಬ್ಬರೇ ಬಿ.ಟಿ.ಎಂ. ಸುತ್ತಿ ಬರ್ತೀರಲ್ಲ, ಅದ್ಯಾವ ಕೆಲಸಕ್ಕೆ?" ಎಂದಳು. "ಅದು ಬೇರೆ, ನಿನಗೆ ಅರ್ಥ ಆಗಲ್ಲ," ಎಂದ. ಆಮೇಲೆ ಅವಳು ಬನಶಂಕರಿ ಮೆಟ್ರೋ ಸ್ಟೇಷನ್ನಿಗೆ ನಿಧಾನ ನಡೆದು ಹೋಗುವುದನ್ನು ಕಲಿತಳು. ಅಲ್ಲಿ ಲಿಫ್ಟ್ ಇತ್ತು, ಮಂಡಿಗೆ ಕಷ್ಟವಾಗುತ್ತಿರಲಿಲ್ಲ.

ಗುಂಪಿನಲ್ಲಿ ಬದರಿನಾಥನ ಹೆಸರು ಏರಿತು. ದಿನಕ್ಕೊಂದು ಮೈಲೇಜಿನ ಫೋಟೋ, ಅದರಡಿಯಲ್ಲಿ ಹತ್ತು ಜನರ ಹೊಗಳಿಕೆ. ಹೊಸದಾಗಿ ಕಾರು ತೆಗೆದುಕೊಂಡವರು ಅವನಿಗೇ ಫೋನು ಮಾಡಿ ಕೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಯಾರೂ ಅವನನ್ನು ಏನನ್ನೂ ಕೇಳಿರಲಿಲ್ಲ.

ಏಪ್ರಿಲ್‌ನಲ್ಲಿ ಮಯೂರ್ ಒಂದು ಪಂದ್ಯ ಇಟ್ಟ. ಟ್ಯಾಂಕು ಪೂರ್ತಿ ತುಂಬಿಸಿ, ಊರೊಳಗೇ ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಪೂರ್ತಿ ತುಂಬಿಸಬೇಕು. ಯಾರ ಲೆಕ್ಕ ಹೆಚ್ಚು ಬರುತ್ತದೋ ಅವರು ಗೆದ್ದ ಹಾಗೆ. ಬದರಿನಾಥ ಇಪ್ಪತ್ತಾರರ ಆಸೆ ಇಟ್ಟುಕೊಂಡ. ಟ್ಯಾಂಕು ಅರ್ಧವಾಗುವ ಹೊತ್ತಿಗೆ ಆ ಆಸೆ ಕೈಗೆಟುಕುವ ಹಾಗೆಯೂ ಕಂಡಿತು. ಆಗ ಪ್ರಕೃತಿಯ ಫೋನು ಬಂತು.

ಪ್ರಕೃತಿ ಚೂಡಾಮಣಿಯ ಅಣ್ಣ ಅನಂತರಾಮು ಅವರ ಒಬ್ಬಳೇ ಮಗಳು. ಕಾಲೇಜಿನಲ್ಲಿ ಪಾಠ ಹೇಳುತ್ತ ಹೊಸಕೆರೆಹಳ್ಳಿಯ ಮನೆಯಲ್ಲಿ ಅಪ್ಪನನ್ನು ನೋಡಿಕೊಂಡಿದ್ದಳು. ಅನಂತರಾಮು ಅವರಿಗೆ ಹಿಂದಿನ ವರ್ಷ ಪಾರ್ಶ್ವವಾಯು ಹೊಡೆದಿತ್ತು. ಬಲಗೈ ಬಲಗಾಲು ಸ್ವಾಧೀನದಲ್ಲಿರಲಿಲ್ಲ, ಮಾತು ಎಳೆದೆಳೆದು ಬರುತ್ತಿತ್ತು, ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು.

"ಅತ್ತೆ, ಅಪ್ಪ ಒಂದೇ ಸಮ ಕೇಳ್ತಿದಾರೆ. ಬದರಿ ಕಾರಲ್ಲಿ ಒಂದು ರೌಂಡ್ ಹೋಗ್ಬೇಕಂತೆ. ಆಸ್ಪತ್ರೆ ಬಿಟ್ರೆ ಎಲ್ಲೂ ಹೊರಗೆ ಹೋಗಿಲ್ಲ ನೋಡಿ. ಮಾವನಿಗೆ ಬಿಡುವಿದ್ರೆ ಭಾನುವಾರ..."

ಬಿಡುವಿಲ್ಲ ಎನ್ನಲು ಬದರಿನಾಥನಿಗೆ ಬಾಯಿ ಬರಲಿಲ್ಲ. ಅನಂತರಾಮು ಬರೀ ಭಾವ ಆಗಿರಲಿಲ್ಲ. ಕಾರ್ಖಾನೆಯಲ್ಲಿ ಅವನಿಗಿಂತ ಹಿರಿಯರು, ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನನ್ನು ತಮ್ಮ ಪಕ್ಕದ ಮೇಜಿನಲ್ಲಿ ಕೂರಿಸಿಕೊಂಡು ಕೆಲಸ ಹೇಳಿಕೊಟ್ಟವರು. ಹಾಸ್ಟೆಲಿನ ಅನ್ನ ತಿಂದು ಬಡಕಲಾಗಿದ್ದವನನ್ನು ಮನೆಗೆ ಕರೆದು ಊಟಕ್ಕೆ ಹಾಕಿ, ಕೊನೆಗೆ ತಂಗಿಯನ್ನೇ ಕೊಟ್ಟವರು. ಕಾರು ಓಡಿಸುವುದನ್ನು ಕಲಿಸಿದವರೂ ಅವರೇ. ಅವರ ಹತ್ತಿರ ಹಳೆಯ ಅಂಬಾಸಿಡರ್ ಒಂದಿತ್ತು. ಹೊಸಕೆರೆಹಳ್ಳಿಯಿಂದ ಗಿರಿನಗರದ ಕಡೆ ಹತ್ತುವ ಏರಿನಲ್ಲಿ ಆಗ ಮನೆಗಳು ಅಲ್ಲೊಂದು ಇಲ್ಲೊಂದು. ಆ ಏರಿನ ನಟ್ಟನಡುವೆ ಗಾಡಿ ನಿಲ್ಲಿಸಿ, "ಈಗ ಹಿಂದಕ್ಕೆ ಜಾರದ ಹಾಗೆ ಎತ್ತು," ಎನ್ನುತ್ತಿದ್ದರು. ಅರ್ಧ ಕ್ಲಚ್ಚು ಹಿಡಿಯಲು ಬಾರದೆ ಬದರಿನಾಥ ಬೆವತುಹೋಗುತ್ತಿದ್ದ. ಎಷ್ಟು ಸಲ ಎಂಜಿನ್ನು ನಿಂತುಹೋದರೂ ಅವರು ಒಂದು ದಿನವೂ ದನಿ ಏರಿಸಿದವರಲ್ಲ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಗಂಡಹೆಂಡತಿ ಹೊಸಕೆರೆಹಳ್ಳಿಗೆ ಹೋದರು. ಪ್ರಕೃತಿಗೆ ಪರೀಕ್ಷೆಯ ಪೇಪರು ತಿದ್ದುವುದಿತ್ತು, ಮನೆಯಲ್ಲೇ ಉಳಿದಳು. ಅನಂತರಾಮು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು, ತಲೆ ಬಾಚಿಸಿಕೊಂಡು, ಹಜಾರದಲ್ಲಿ ಆಗಲೇ ಕಾಯುತ್ತ ಕೂತಿದ್ದರು. ಅವರನ್ನು ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕುವಷ್ಟರಲ್ಲಿ ಸ್ವಲ್ಪ ಹೊತ್ತು ಹಿಡಿಯಿತು. ಕಾರು ಚಾಲೂ ಆಗಿಯೇ ಇತ್ತು. ಬದರಿನಾಥನ ಕಣ್ಣು ಪರದೆಯ ಮೇಲಿನ ಸರಾಸರಿಯನ್ನು ಮುಟ್ಟಿ ಬಂತು.

ಬೀದಿ ಇಳಿದು ಮುಖ್ಯರಸ್ತೆಗೆ ಬಂದಾಗ ಅನಂತರಾಮು ಕೇಳಿದರು, "ಎಂಜಿನ್... ನಿಂತುಹೋಯ್ತಾ?"

"ಇಲ್ಲ ಭಾವ, ಬ್ಯಾಟರೀಲಿ ಹೋಗ್ತಿದೆ."

ಅವರ ಮುಖದ ಎಡಭಾಗ ಅರಳಿತು. "ದೋಣೀಲಿ ಕೂತ ಹಾಗಿದೆ."

ಬದರಿನಾಥನಿಗೆ ಹಿಗ್ಗಾಯಿತು. ಬ್ರೇಕಿನಲ್ಲಿ ಬ್ಯಾಟರಿ ತುಂಬುವುದು ಹೇಗೆ, ಎಂಜಿನ್ನು ಯಾವಾಗ ಏಳುತ್ತದೆ, ಯಾವಾಗ ಮಲಗುತ್ತದೆ, ಎಲ್ಲ ವಿವರಿಸಿದ. ಭಾವ ಒಂದೊಂದೇ ಪ್ರಶ್ನೆ ಕೇಳಿದರು. ಪ್ರಶ್ನೆ ಒಳ್ಳೆಯವೇ ಇದ್ದವು, ಹಳೆಯ ಮೇಷ್ಟ್ರಿಗೆ ಪಾಠ ಒಪ್ಪಿಸಿದಂತಾಯಿತು.

"ಎಷ್ಟು ಕೊಡುತ್ತೆ?"

"ಇಪ್ಪತ್ತಾರರ ಹತ್ರ ಇದೀನಿ ಭಾವ. ಇನ್ನೊಂದು ವಾರ ಕಾಪಾಡ್ಕೊಂಡ್ರೆ ಆಯ್ತು."

"ನನ್ನ ಅಂಬಾಸಿಡರು ಎಂಟು ಕೊಟ್ರೆ ಹಬ್ಬ," ಎಂದು ಅವರು ನಕ್ಕರು. "ಆದ್ರೂ... ಬೀದಿ ಪೂರ್ತಿ ಓಡಾಡ್ತು ಅದರಲ್ಲಿ. ಹೆರಿಗೆ, ಮದುವೆ, ಎಲ್ಲ."

ಬಿಸಿಲು ಏರಿತ್ತು. ಬದರಿನಾಥ ಎ.ಸಿ.ಯನ್ನು ಇದ್ದೂ ಇಲ್ಲದ ಹಾಗೆ ಇಟ್ಟಿದ್ದ. ಹಿಂದೆ ಕೂತ ಚೂಡಾಮಣಿ, "ರೀ, ಅಣ್ಣ ಬೆವರ್ತಿದಾನೆ, ಸ್ವಲ್ಪ ಜಾಸ್ತಿ ಮಾಡಿ," ಎಂದಳು. ಅವನು ಜಾಸ್ತಿ ಮಾಡಿದ. ಮುಂದಿನ ಸಿಗ್ನಲ್ಲಿನಲ್ಲಿ ನಿಂತಾಗ ಹಸಿರು ದೀಪ ಆರಿ ಎಂಜಿನ್ನು ಗುರ್ರೆಂದು ಎದ್ದಿತು. ಸರಾಸರಿ ಒಂದು ಕೂದಲಷ್ಟು ಇಳಿಯಿತು. ಮಾತಿನ ನಡುವೆ ಅವನ ಕೈ ತಾನಾಗಿ ಹೋಗಿ ಎ.ಸಿ.ಯನ್ನು ಮತ್ತೆ ಹಿಂದಿನ ಜಾಗಕ್ಕೆ ತಂದಿತು. ಭಾವ ಆ ಕೈಯನ್ನು ನೋಡಿದರು. ಎಡಗೈಯಿಂದ ಜೇಬಿನಲ್ಲಿದ್ದ ಕರ್ಚೀಫು ತೆಗೆಯಲು ನೋಡಿದರು, ಅದು ಬಲಗಡೆಯ ಜೇಬಿನಲ್ಲಿತ್ತು. ಚೂಡಾಮಣಿ ಹಿಂದಿನಿಂದ ಬಗ್ಗಿ ಸೆರಗಿನಲ್ಲಿ ಅವರ ಹಣೆ ಒರೆಸಿದಳು.

ಯಡಿಯೂರು ಕೆರೆಯ ಹತ್ತಿರ ಅವರು ನಿಲ್ಲಿಸಲು ಹೇಳಿದರು. ಇಳಿಯುವ ಹಾಗಿರಲಿಲ್ಲ, ಕಾರಿನಲ್ಲಿ ಕೂತೇ ಬೇಲಿಯ ಆಚೆಗಿನ ನೀರು ನೋಡಬೇಕಿತ್ತು. "ಸ್ವಲ್ಪ ಹೊತ್ತು... ಇಲ್ಲೇ ಇರೋಣ," ಎಂದರು. ನಿಂತ ಗಾಡಿಯಲ್ಲಿ ಎ.ಸಿ. ಓಡಿದರೆ ಬ್ಯಾಟರಿ ಇಳಿಯುತ್ತದೆ, ಇಳಿದರೆ ಎಂಜಿನ್ನು ಏಳುತ್ತದೆ, ದೂರ ಒಂದು ಅಡಿಯೂ ಸಾಗದೆ ಪೆಟ್ರೋಲು ಖರ್ಚಾಗುತ್ತದೆ. ಬದರಿನಾಥ ಕಾರನ್ನು ಪೂರ್ತಿ ಆಫ್ ಮಾಡಿ, ನಾಲ್ಕೂ ಕಿಟಕಿ ಇಳಿಸಿದ. "ಕೆರೆ ಗಾಳಿ ಒಳ್ಳೇದು," ಎಂದ. ಗಾಳಿ ಬರಲಿಲ್ಲ. ಬಿಸಿಲಿನ ಝಳ ಬಂತು, ನೀರಿನ ವಾಸನೆ ಬಂತು, ಪಕ್ಕದಲ್ಲಿ ಹಾದುಹೋದ ಬೈಕುಗಳ ಹೊಗೆ ಬಂತು. ಆದರೂ ಅನಂತರಾಮು ಕೊಕ್ಕರೆಗಳನ್ನು ನೋಡುತ್ತ ಕೂತರು. ಬಿಳಿ ಷರಟು ಬೆನ್ನಿಗೆ ಅಂಟಿಕೊಂಡಿತು. ಸ್ವಲ್ಪ ಹೊತ್ತಾದ ಮೇಲೆ ಅವರೇ "ಸಾಕು" ಎಂದರು.

ವಾಪಸು ಬರುವಾಗ ಹೊಸಕೆರೆಹಳ್ಳಿ ಸಮೀಪಿಸಿದಂತೆ ಅವರಿಗೆ ಮತ್ತೆ ಹುರುಪು ಬಂತು. "ಬದರಿ, ಆ ಏರು ಹತ್ತಿಸು. ಕ್ಲಚ್ಚಿಲ್ದೆ... ಹೇಗೆ ಹತ್ತುತ್ತೆ ನೋಡ್ಬೇಕು."

ಏರು ಎಂದರೆ ಇಂಥ ಕಾರಿಗೆ ಆಗದ ಮಾತೇನಲ್ಲ. ಸಲೀಸಾಗಿ ಹತ್ತುತ್ತದೆ. ಆದರೆ ಹತ್ತುವಷ್ಟು ಹೊತ್ತೂ ಎಂಜಿನ್ನು ಓಡುತ್ತದೆ, ಪರದೆಯ ಸಂಖ್ಯೆ ಬೀಳುತ್ತದೆ. ಬೆಳಗಿನಿಂದ ಆಗಲೇ ಬೇಕಾದಷ್ಟು ಬಿದ್ದಿತ್ತು. ಬದರಿನಾಥ ಯೋಚನೆಯನ್ನೂ ಮಾಡಲಿಲ್ಲ. ಮಾತು ತಾನಾಗಿ ಬಾಯಿಗೆ ಬಂತು.

"ಅಲ್ಲಿ ರಸ್ತೆ ಅಗೆದು ಹಾಕಿದಾರಂತೆ ಭಾವ. ಪೈಪಿನ ಕೆಲಸ. ಮುಂದಿನ ವಾರ ಹೋಗೋಣ, ಖಂಡಿತ."

ಅನಂತರಾಮು ಅವನ ಕಡೆ ತಿರುಗಿದರು. ಅವನ ಮುಖ ನೋಡಿದರು, ಅವನ ಕಣ್ಣು ಎಲ್ಲಿದೆಯೋ ಅಲ್ಲಿ, ಆ ಪರದೆಯನ್ನೂ ನೋಡಿದರು. "ಆಯ್ತು," ಎಂದರು.

ಮುಂದಿನ ವಾರ ಬದರಿನಾಥ ಬಂಕಿನಲ್ಲಿ ಟ್ಯಾಂಕು ತುಂಬಿಸಿ ಲೆಕ್ಕ ಹಾಕಿದ. ಇಪ್ಪತ್ತಾರು ದಾಟಿತ್ತು. ಗುಂಪಿನವರು ಜಯನಗರದ ಒಂದು ಹೋಟೆಲಿನಲ್ಲಿ ತಿಂಡಿಗೆ ಸೇರಿದರು. ಮಯೂರ್ ಅವನ ಕೈಗೆ ಒಂದು ಟ್ರೋಫಿ ಕೊಟ್ಟು, "ನಮ್ಮ ಗುರುಗಳು," ಎಂದು ಎಲ್ಲರ ಮುಂದೆ ಕಾಲು ಮುಟ್ಟಿದ. ಬದರಿನಾಥ ಎದ್ದು ನಿಂತು, ತಾಳ್ಮೆ ಬೇಕು, ರಸ್ತೆಯನ್ನು ಮುಂಚೆಯೇ ಓದಬೇಕು, ಅನಗತ್ಯ ಓಡಾಟ ಬಿಡಬೇಕು ಎಂದು ಚಿಕ್ಕದೊಂದು ಭಾಷಣ ಮಾಡಿದ. ಮಸಾಲೆ ದೋಸೆ ತಣ್ಣಗಾಗುತ್ತಿದ್ದರೂ ಜನ ಕಿವಿಗೊಟ್ಟು ಕೇಳಿದರು.

ಪಂದ್ಯ ಮುಗಿದ ಮೇಲೆ ಅವನಿಗೆ ಭಾವನ ನೆನಪಾಯಿತು. ಈಗ ಸರಾಸರಿಯ ಭಯವಿರಲಿಲ್ಲ. ತಾನೇ ಪ್ರಕೃತಿಗೆ ಫೋನು ಮಾಡಿ, "ಭಾನುವಾರ ಬರ್ತೀನಿ, ಭಾವನಿಗೆ ಹೇಳು," ಎಂದ.

ಅವಳು ಒಳಗೆ ಹೋಗಿ ಕೇಳಿ ಬಂದಳು. "ಯಾಕೋ ಬೇಡ ಅಂತಿದಾರೆ ಮಾವ. ಸುಸ್ತಂತೆ."

ಮತ್ತೊಂದು ವಾರ ಕೇಳಿದಾಗಲೂ ಅದೇ ಉತ್ತರ. ಬದರಿನಾಥನಿಗೆ ಬೇಸರವೇನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹಗುರವಾಯಿತು. ಅವರನ್ನು ಹತ್ತಿಸಿ ಇಳಿಸುವುದೇನು ಸುಲಭದ ಕೆಲಸವೇ ಎಂದು ತನಗೆ ತಾನೇ ಹೇಳಿಕೊಂಡ. ಮುಂಗಾರು ಶುರುವಾದ ಮೇಲೆ, ತಂಪು ಹೊತ್ತಿನಲ್ಲಿ ಕರೆದುಕೊಂಡು ಹೋದರಾಯಿತು.

ಮುಂಗಾರು ಶುರುವಾಗುವ ಮುಂಚೆಯೇ ಒಂದು ಬೆಳಿಗ್ಗೆ ಪ್ರಕೃತಿ ಕಾಫಿ ಹಿಡಿದು ಎಬ್ಬಿಸಲು ಹೋದಾಗ ಅನಂತರಾಮು ಏಳಲಿಲ್ಲ.

ಸುದ್ದಿ ಬಂದ ಕೂಡಲೇ ಗಂಡಹೆಂಡತಿ ಹೋದರು. ನೆಂಟರು ಬರುವ ತನಕ ಮಾಡುವಂಥದ್ದೇನೂ ಇರಲಿಲ್ಲ. ಚೂಡಾಮಣಿ ಅಣ್ಣನ ತಲೆಯ ಹತ್ತಿರ ಕೂತು ಸದ್ದಿಲ್ಲದೆ ಅಳುತ್ತಿದ್ದಳು. ಅವರನ್ನು ಹಜಾರಕ್ಕೆ ತಂದಿದ್ದರಿಂದ ಅವರು ಮಲಗುತ್ತಿದ್ದ ಮಹಡಿಯ ಕೋಣೆ ಖಾಲಿಯಾಗಿತ್ತು. ಹೊದಿಕೆ ತಾ ಎಂದು ಯಾರೋ ಹೇಳಿದ್ದಕ್ಕೆ ಬದರಿನಾಥ ಮೇಲೆ ಹೋದ. ಭಾವ ಕಾಯಿಲೆ ಬಿದ್ದ ಮೇಲೆ ಅವನು ಆ ಕೋಣೆಗೆ ಹೋಗಿದ್ದೇ ಕಡಿಮೆ, ಹೋದಾಗಲೂ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಬರುತ್ತಿದ್ದ. ಈಗ ಹೊದಿಕೆ ತೆಗೆದುಕೊಳ್ಳಲು ಮಂಚದ ತಲೆದಿಂಬಿನ ಹತ್ತಿರ ಬಗ್ಗಿದವನು ಕಿಟಕಿಯ ಹೊರಗೆ ನೋಡಿದ.

ಆ ಏರು ಎದುರಿಗೇ ಇತ್ತು. ಬುಡದಿಂದ ತುದಿಯವರೆಗೆ ಪೂರ್ತಿ ಕಾಣುತ್ತಿತ್ತು. ತರಕಾರಿಯ ವ್ಯಾನೊಂದು ಹತ್ತುತ್ತಿತ್ತು, ಅದರ ಹಿಂದೆ ಹಾಲಿನ ಗಾಡಿ, ಎರಡು ಸ್ಕೂಟರು. ಡಾಂಬರು ಹಳೆಯದಾಗಿ ನುಣುಪಾಗಿತ್ತು. ಅಗೆದ ಗುರುತು, ತೇಪೆ ಹಾಕಿದ ಗುರುತು ಎಲ್ಲಿಯೂ ಇರಲಿಲ್ಲ. ಹಾಸಿಗೆಯಲ್ಲಿ ಮಲಗಿದವರಿಗೆ ದಿನವಿಡೀ ನೋಡಲು ಸಿಗುತ್ತಿದ್ದದ್ದು ಅದೊಂದೇ.

ಬದರಿನಾಥ ಹೊದಿಕೆ ಹಿಡಿದುಕೊಂಡು ಅಲ್ಲೇ ಮಂಚದ ಅಂಚಿನಲ್ಲಿ ಕೂತ. ಕೆಳಗಿನಿಂದ ಮತ್ತೆ ಕೂಗಿದ ಮೇಲೆಯೇ ಎದ್ದದ್ದು.

ಬನಶಂಕರಿಯ ವಿದ್ಯುತ್ ಚಿತಾಗಾರದಲ್ಲಿ ಎಲ್ಲ ಮುಗಿಯಿತು. ಅಸ್ಥಿಯನ್ನು ಶ್ರೀರಂಗಪಟ್ಟಣದಲ್ಲಿ ಬಿಡುವುದು ಎಂದಾಯಿತು. ಕರ್ಮ ಮಾಡುವವಳು ಪ್ರಕೃತಿಯೇ. ನೆಂಟರಲ್ಲಿ ಕೆಲವರು ಗೊಣಗಿದರು, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಬದರಿನಾಥ ತಾನೇ ಕಾರು ತರುತ್ತೇನೆ ಎಂದ.

ಬೆಳಗಿನ ತಂಪಿನಲ್ಲಿ ಹೊರಟರು. ಪ್ರಕೃತಿ ಮುಂದೆ ಕೂತು ಬಿಳಿ ಬಟ್ಟೆ ಸುತ್ತಿದ ಮಡಕೆಯನ್ನು ಮಡಿಲಿನಲ್ಲಿ ಇಟ್ಟುಕೊಂಡಿದ್ದಳು. ಚೂಡಾಮಣಿ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದಳು. ಬದರಿನಾಥ ಎ.ಸಿ. ಹಾಕಿದ. ಮಂಡ್ಯ ಸಮೀಪಿಸಿತು.

"ಆವತ್ತು ನಿಮ್ಮ ಕಾರಲ್ಲಿ ಹೋಗಿ ಬಂದ ಮೇಲೆ ಅಪ್ಪನಿಗೆ ಅದೇ ಮಾತು ಮಾವ," ಎಂದಳು ಪ್ರಕೃತಿ. "ಸದ್ದೇ ಇಲ್ಲ, ದೋಣಿ, ದೋಣಿ ಅಂತ. ಫಿಸಿಯೋದವರು ಬಂದ್ರೂ ಅವರಿಗೂ ಹೇಳ್ತಿದ್ರು."

ಬದರಿನಾಥನಿಗೆ ಕೇಳದೆ ಇರಲಾಗಲಿಲ್ಲ. "ಮತ್ತೆ ಯಾಕಮ್ಮ ಬರ್ಲಿಲ್ಲ? ನಾನು ಎರಡು ಸಲ ಕರೆದೆ."

ಅವಳು ಮಡಕೆಗೆ ಸುತ್ತಿದ ಬಟ್ಟೆ ಸರಿಪಡಿಸಿದಳು. "ನಾನೂ ಕೇಳ್ದೆ. ಹೋಗಿ ಬಾಪ್ಪ ಅಂದೆ. ಬೇಡ, ಅವನಿಗೆ ಕಷ್ಟ ಆಗುತ್ತೆ ಅಂದ್ರು. ನಾನು ಬಿಡ್ಲಿಲ್ಲ. ಆಮೇಲೆ ಹೇಳಿದ್ರು, 'ಬದರಿ ಮನಸ್ಸೆಲ್ಲ ಆ ನಂಬರ್ ಮೇಲಿದೆ ಕಣೆ. ನನ್ನ ಕೂರಿಸ್ಕೊಂಡ್ರೆ ಅದು ಇಳಿಯುತ್ತೆ. ಪಾಪ, ಅವನು ಬಾಯಿಬಿಟ್ಟು ಹೇಳಲಾರ,' ಅಂತ."

"ಸಿಟ್ಟು ಮಾಡ್ಕೊಂಡಿದ್ರಾ?"

"ಇಲ್ಲ ಮಾವ. ನಗ್ತಾನೇ ಹೇಳಿದ್ರು. ಸಿಟ್ಟಿದ್ದಿದ್ರೆ ನಾನು ಈಗ ನಿಮಗೆ ಹೇಳ್ತಾ ಇರ್ಲಿಲ್ಲ."

ಸಿಟ್ಟಿದ್ದಿದ್ದರೆ ಬದರಿನಾಥನಿಗೆ ಎಷ್ಟೋ ಸುಲಭವಾಗುತ್ತಿತ್ತು. ಅವನು ರಸ್ತೆಯ ಪಕ್ಕಕ್ಕೆ ಹೋಗಿ ಕಾರು ನಿಲ್ಲಿಸಿದ. ಇಳಿದು, ಬಾನೆಟ್ಟಿನ ಮುಂದೆ ಅವರಿಬ್ಬರಿಗೂ ಬೆನ್ನು ಮಾಡಿ ನಿಂತ. ಕಬ್ಬಿನ ಲಾರಿಯೊಂದು ಅವನ ಪಂಚೆಯನ್ನು ಹಾರಿಸಿಕೊಂಡು ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಚೂಡಾಮಣಿ ಇಳಿದು ಬಂದು ನೀರಿನ ಬಾಟಲಿ ಕೊಟ್ಟಳು. ಅವನು ಕುಡಿಯಲಿಲ್ಲ.

"ರಸ್ತೆ ಅಗೆದಿದಾರೆ ಅಂದೆ ಕಣೆ ನಾನು," ಎಂದ.

"ಗೊತ್ತು."

"ಅಗೆದಿರ್ಲಿಲ್ಲ."

"ಅದೂ ಗೊತ್ತು ರೀ. ನಾನೂ ಹಿಂದೆ ಕೂತಿದ್ನಲ್ಲ. ನಾನಾದ್ರೂ ಹತ್ತಿಸಿ ಅಂತ ಒಂದು ಮಾತು ಹೇಳ್ಬಹುದಿತ್ತು. ಹೇಳ್ಲಿಲ್ಲ." ಅವಳು ಬಾಟಲಿಯ ಮುಚ್ಚಳ ತಿರುಗಿಸಿದಳು. "ಬನ್ನಿ, ಪುರೋಹಿತರು ಕಾಯ್ತಿರ್ತಾರೆ."

ಪಶ್ಚಿಮವಾಹಿನಿಯಲ್ಲಿ ನೀರು ಕಡಿಮೆಯಿತ್ತು. ಪ್ರಕೃತಿ ಮೊಣಕಾಲುದ್ದ ನೀರಿಗಿಳಿದು ಮಡಕೆ ಬಿಟ್ಟಳು. ಬದರಿನಾಥ ಮೆಟ್ಟಿಲ ಮೇಲೆ ನಿಂತು ಮನಸ್ಸಿನಲ್ಲಿ ಏನಾದರೂ ಹೇಳಬೇಕೆಂದುಕೊಂಡ. ಕ್ಷಮಿಸಿ ಎನ್ನುವುದಕ್ಕೆ ಅದು ಅಂಥ ದೊಡ್ಡ ತಪ್ಪೇ ಅಲ್ಲ ಎನಿಸಿತು. ಒಂದು ಸಣ್ಣ ಏರು, ಎರಡು ನಿಮಿಷದ ದಾರಿ. ಅಷ್ಟು ಸಣ್ಣದಾಗಿದ್ದರಿಂದಲೇ ಅದು ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು. ಕೈಲಾಗದ್ದನ್ನು ಮಾಡದೆ ಉಳಿದವನು ಹೇಗೋ ಸಮಾಧಾನ ಮಾಡಿಕೊಳ್ಳುತ್ತಾನೆ. ಇದು ಕೈಲಿತ್ತು.

ವೈಕುಂಠ ಸಮಾರಾಧನೆ ಮುಗಿದು ಕೆಲವು ದಿನಗಳಾದ ಮೇಲೆ ಮಯೂರ್ ಗುಂಪಿನಲ್ಲಿ ಬರೆದ: ಹೊಸದಾಗಿ ಸೇರಿದವರು ಊರೊಳಗೆ ನಿಜವಾದ ಮೈಲೇಜು ಎಷ್ಟು ಎಂದು ಕೇಳುತ್ತಿದ್ದಾರೆ, ಬದರಿ ಸಾರ್ ಹೇಳಬೇಕು. ಬದರಿನಾಥ ಬಹಳ ಹೊತ್ತು ಫೋನು ಹಿಡಿದುಕೊಂಡು ಕೂತು ಬರೆದ. ಮನೆಯವರನ್ನು ಕೂರಿಸಿಕೊಂಡು, ಎ.ಸಿ. ಹಾಕಿಕೊಂಡು, ಅವರು ಹೇಳಿದಲ್ಲಿ ನಿಲ್ಲಿಸಿ, ಹೇಳಿದ ಕಡೆ ಹತ್ತಿಸಿದರೆ ಹದಿನಾರರಿಂದ ಹದಿನೆಂಟು. ಅದೇ ನಿಜವಾದ ಲೆಕ್ಕ, ಪೆಟ್ರೋಲ್ ಕಾರಿಗೆ ಹೋಲಿಸಿದರೆ ಅದು ಒಳ್ಳೆಯದೇ. ನಾನು ತೋರಿಸುತ್ತಿದ್ದ ಇಪ್ಪತ್ತಾರು ಖಾಲಿ ಸೀಟುಗಳ ಲೆಕ್ಕ, ಅದನ್ನು ಯಾರೂ ನಂಬಬೇಡಿ.

ಮಯೂರ್ ಕೂಡಲೇ ಫೋನು ಮಾಡಿದ. "ಸಾರ್, ಏನ್ ಸಾರ್ ಹಿಂಗೆ ಬರೆದ್ಬಿಟ್ರಿ? ನಿಮ್ಮನ್ನ ನೋಡಿ ಎಷ್ಟೋ ಜನ ಕಲ್ತಿದಾರೆ."

"ಕಲ್ತಿದ್ರೆ ಮರೆಯೋಕೆ ಹೇಳಪ್ಪ."

"ಸಾರ್, ಏನಾದ್ರೂ ಬೇಜಾರಾಯ್ತಾ? ಗುಂಪಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲಪ್ಪ. ಯಾರೂ ಏನೂ ಅನ್ಲಿಲ್ಲ," ಎಂದ ಬದರಿನಾಥ. ಆ ಮಾತು ಹೇಳಿದ ಮೇಲೆ, ಅದೇ ತನ್ನ ಕಷ್ಟ ಎಂದು ಅವನಿಗೆ ಹೊಳೆಯಿತು. ಯಾರೂ ಏನೂ ಅಂದಿರಲಿಲ್ಲ. ಭಾವ ಅಂದಿರಲಿಲ್ಲ, ಹೆಂಡತಿಯೂ ಸ್ವಲ್ಪ ದಿನ ಅಂದು ಬಿಟ್ಟುಬಿಟ್ಟಿದ್ದಳು.

ಅವನು ಕಾರನ್ನು ಬೇರೆ ರೀತಿ ಓಡಿಸತೊಡಗಿದ. ಪ್ರಕೃತಿಯನ್ನು ಒಂದೆರಡು ಸಲ ಕಾಲೇಜಿಗೆ ಬಿಟ್ಟ. ಚೂಡಾಮಣಿಗೆ, "ಫೋರ್ತ್ ಬ್ಲಾಕಿಗೆ ಹೋಗೋದಿದ್ಯಾ? ಬಿಡ್ತೀನಿ," ಎಂದು ದಿನವೂ ಕೇಳಿದ. ಅವಳು "ಬೇಡಿ, ಮೆಟ್ರೋ ಇದೆ," ಎನ್ನುತ್ತಿದ್ದಳು. ಮುನಿಸಿನಿಂದಲ್ಲ. ಸ್ಟೇಷನ್ನಿನಲ್ಲಿ ಅವಳಿಗೆ ಈಗ ಪರಿಚಯದವರಿದ್ದರು. ಅದೇ ಹೊತ್ತಿಗೆ ಬರುವ ಇಬ್ಬರು ಹೆಂಗಸರು, ಹೂವು ಮಾರುವ ಅಕ್ಕ, ಬ್ಯಾಗು ತಪಾಸಣೆ ಮಾಡುವ ಹುಡುಗಿ. ಅವನಿಗೆ ಗೊತ್ತಿಲ್ಲದ ಹಾಗೆ ಅವಳದೊಂದು ದಿನಚರಿ ಬೆಳೆದುನಿಂತಿತ್ತು.

ಒಂದು ದಿನ ಅವನು ನೇರವಾಗಿಯೇ ಕೇಳಿದ. "ನನ್ನ ಜೊತೆ ಬರೋಕೆ ಇಷ್ಟ ಇಲ್ವಾ?"

ಅವಳು ಚಪ್ಪಲಿ ಮೆಟ್ಟುತ್ತಿದ್ದವಳು ನಿಂತಳು. "ಇಷ್ಟ ಇಲ್ಲ ಅಂತಲ್ಲ ರೀ. ಮೊದಲು ನೀವು ಆ ಪರದೆ ನೋಡ್ತಿದ್ರಿ. ಈಗ ನಿಮಿಷಕ್ಕೊಂದ್ಸಲ ನನ್ನ ಮುಖ ನೋಡ್ತೀರಿ, ಸೆಖೆ ಆಯ್ತಾ, ನಿಲ್ಲಿಸ್ಬೇಕಾ ಅಂತ. ಎರಡೂ ಕಷ್ಟವೇ. ಸ್ವಲ್ಪ ದಿನ ಬಿಡಿ." ಹಾಗೆಂದು ಚೀಲ ಹೆಗಲಿಗೇರಿಸಿ ಹೊರಟಳು.

ಆ ಸಂಜೆ ಮೋಡ ಕವಿಯಿತು. ಬದರಿನಾಥ ಕಾರು ತೆಗೆದು ಬನಶಂಕರಿ ಸ್ಟೇಷನ್ನಿನ ಹತ್ತಿರ, ಬಸ್ಸುಗಳಿಗೆ ಅಡ್ಡಿಯಾಗದ ಕಡೆ ನಿಲ್ಲಿಸಿ ಕಾದ. ಜನ ಗುಂಪುಗುಂಪಾಗಿ ಇಳಿದು ಬರುತ್ತಿದ್ದರು. ಬಹಳ ಹೊತ್ತಿನ ಮೇಲೆ ಚೂಡಾಮಣಿ ಕಂಡಳು, ಎರಡೂ ಕೈಯಲ್ಲಿ ಚೀಲ, ಒಂದು ಕಾಲನ್ನು ಚೂರು ಎಳೆಯುತ್ತ. ಅವನನ್ನು ಅವಳು ನೋಡಲಿಲ್ಲ. ಸಾಲಿನ ಮೊದಲ ಆಟೋದವನನ್ನು ಏನೋ ಕೇಳಿದಳು. ಅವನು ಆಗಲ್ಲ ಎಂದು ತಲೆಯಾಡಿಸಿದ. ಎರಡನೆಯವನನ್ನು ಕೇಳಿದಳು. ಅವನು ಕೈ ಬೀಸಿದ. ಅವಳಿಗೆ ಅದೇನೂ ಹೊಸದಾಗಿ ಕಾಣಲಿಲ್ಲ, ಮೂರನೆಯವನ ಕಡೆ ನಡೆದಳು. ಎಷ್ಟು ಸಂಜೆ ಹೀಗೆ ನಡೆದಿದ್ದಳೋ. ಆ ಹೊತ್ತಿಗೆ ತಾನು ಬಿ.ಟಿ.ಎಂ.ನಲ್ಲಿ ಯಾವುದೋ ಬಸ್ಸಿನ ಹಿಂದೆ ಹಸಿರು ದೀಪ ನೋಡುತ್ತ ತೆವಳುತ್ತಿರುತ್ತಿದ್ದೆ ಎಂಬುದು ನೆನಪಾಗಿ ಬದರಿನಾಥನಿಗೆ ಕಾರಿನಿಂದ ಇಳಿಯುವುದೂ ಕಷ್ಟವಾಯಿತು.

ಇಳಿದು ಹೋಗಿ ಚೀಲಗಳನ್ನು ತೆಗೆದುಕೊಂಡ. ಅವಳು ಬೆಚ್ಚಿ, "ನೀವ್ಯಾಕೆ ಬಂದ್ರಿ?" ಎಂದಳು. ಬೇಡ ಎನ್ನಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ಮಂಡಿ ಒತ್ತಿಕೊಂಡಳು. ಅವನು ಅವಳ ಮುಖ ನೋಡದೆ ರಸ್ತೆಯನ್ನೇ ನೋಡಲು ಪ್ರಯತ್ನಪಟ್ಟ.

"ಎಲ್ಲಾದ್ರೂ ಹೋಗ್ಬೇಕಾ? ದೇವಸ್ಥಾನ, ಗಾಂಧಿ ಬಜಾರು, ಎಲ್ಲಾದ್ರೂ?"

"ಇಲ್ಲ ರೀ. ಮನೆಗೆ ಹೋಗೋಣ."

ಎಲ್ಲಿಯದಾದರೂ ಒಂದು ಹೆಸರು ಹೇಳಬಾರದಿತ್ತೇ ಎಂದು ಅವನಿಗೆ ಅನಿಸಿತು. ದೂರದ್ದಾಗಲಿ, ಹತ್ತಿರದ್ದಾಗಲಿ. ಕಿಟಕಿಯ ಗಾಜಿನ ಮೇಲೆ ಮೊದಲ ಹನಿಗಳು ಬಿದ್ದವು. ತಣ್ಣಗಿದ್ದ ಎಂಜಿನ್ನು ಎದ್ದು ಸದ್ದು ಮಾಡಿತು. ಅದು ಬಿಸಿಯಾಗುವಷ್ಟರಲ್ಲಿ ಮನೆ ಬಂದುಬಿಟ್ಟಿತು.